ನಮಗೂ ಅವರಿಗೂ ಒಂದೇ ತಕ್ಕಡಿ



ಪಾಪನಿವೇದನೆಯ ಪೀಠದಲ್ಲಿ ಕುಳಿತು ಇತರರ ತಪ್ಪುಗಳನ್ನು ಕೇಳುವುದು ನನ್ನ ಕೆಲಸ. ಈ ವಾರ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ. ಅದು ಒಬ್ಬ ಹುಡುಗನಿಗೆ ಸಂಬಂಧಿಸಿದ್ದು. ನಿಮ್ಮ ಮನೆಯಲ್ಲೂ ಅಂಥ ಹುಡುಗನೋ ಹುಡುಗಿಯೋ ಇರಬಹುದು. ಆದ್ದರಿಂದಲೇ ಬರೆಯುತ್ತಿದ್ದೇನೆ.

ಆತ ಹನೂರು ಕಡೆಯ ಹಳ್ಳಿಯವನು. ಕೊಳ್ಳೇಗಾಲದಲ್ಲಿ ಡಿಗ್ರಿ ಓದುತ್ತಾನೆ. ತಂದೆ ತೀರಿಕೊಂಡಿದ್ದಾರೆ. ತಾಯಿ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳು ಸಾಕಿ, ಗೂಡು ಮಾರಿದ ಹಣದಲ್ಲಿ ಅವನನ್ನು ಓದಿಸುತ್ತಿದ್ದಾರೆ. ಚಿಕ್ಕಂದಿನಲ್ಲಿ ಪೀಠಬಾಲಕನಾಗಿದ್ದವನು, ಭಾನುವಾರದ ವಾಚನವನ್ನು ತಡವರಿಸದೆ ಓದುವವನು. ಪಾಸ್ಖ ಹಬ್ಬದ ಮರುವಾರ ಪೂಜೆ ಮುಗಿದ ಮೇಲೆ, ಬೈಬಲಿನ ನಡುವೆ ಬೆರಳಿಟ್ಟುಕೊಂಡು ನನ್ನ ಬಳಿ ಬಂದ.

"ಸ್ವಾಮಿ, ಮಾರ್ಕನ ಶುಭಸಂದೇಶದ ಕೊನೇ ಹನ್ನೆರಡು ವಚನ ತುಂಬ ಹಳೇ ಪ್ರತಿಗಳಲ್ಲಿ ಇಲ್ವಂತೆ. ಫೋನಿನಲ್ಲಿ ಒಬ್ಬರು ಹೇಳ್ತಿದ್ರು. ನಿಜವಾ?"

ಅಂದು ನನಗೆ ಇನ್ನೊಂದು ಊರಿನಲ್ಲಿ ಪೂಜೆಯಿತ್ತು, ಅವಸರವಿತ್ತು. ಅವಸರಕ್ಕಿಂತ ಹೆಚ್ಚಾಗಿ, ಸುತ್ತ ನಾಲ್ಕು ಜನ ನಿಂತಿದ್ದರು. "ಅಂಥದ್ದನ್ನೆಲ್ಲ ನೋಡಬೇಡಪ್ಪ. ಜಪ ಮಾಡು, ಓದು" ಎಂದೆ. ಅವನು ಹೋಗಲಿಲ್ಲ. "ಅಂದ್ರೆ ನಿಮ್ಗೆ ಮೊದ್ಲೇ ಗೊತ್ತಿತ್ತಾ ಸ್ವಾಮಿ?" ಎಂದು ಕೇಳಿದ. ನಾನು ಉತ್ತರ ಕೊಡದೆ ಬೈಕ್ ಹತ್ತಿದೆ.

ಗೊತ್ತಿತ್ತು. ಗುರುಮಠದಲ್ಲಿ ಪಾಠ ಕೇಳಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಗುರುದೀಕ್ಷೆಯಾದ ಮೇಲೆ ಇಷ್ಟು ವರ್ಷಗಳಲ್ಲಿ ಯಾವ ಪ್ರಸಂಗದಲ್ಲೂ ಅದನ್ನು ಹೇಳಿರಲಿಲ್ಲ. ಅನಂತರದ ಹನ್ನೊಂದು ಭಾನುವಾರ ಆ ಹುಡುಗ ದೇವಾಲಯಕ್ಕೆ ಬರಲಿಲ್ಲ. ಅವನನ್ನು ನೋಯಿಸಿದ್ದು ಆ ಹನ್ನೆರಡು ವಚನಗಳಲ್ಲ, ನಮ್ಮ ಮೌನ ಎಂಬುದು ನನಗೆ ತಡವಾಗಿ ತಿಳಿಯಿತು. ತನ್ನಿಂದ ಮುಚ್ಚಿಟ್ಟದ್ದು ಇದೊಂದೇನಾ, ಇನ್ನೂ ಎಷ್ಟಿದೆ ಎಂದು ಅವನು ಲೆಕ್ಕ ಹಾಕತೊಡಗಿದ್ದ.

ಮೊದಲು ಅವನ ಪ್ರಶ್ನೆಗೆ ಉತ್ತರ ಹೇಳಿಬಿಡೋಣ. ಹೌದು, ನಿಜ. ನಾಲ್ಕನೆಯ ಶತಮಾನದ ಎರಡು ಹೆಸರಾಂತ ಗ್ರೀಕ್ ಹಸ್ತಪ್ರತಿಗಳಾದ ವ್ಯಾಟಿಕನ್ ಪ್ರತಿ ಮತ್ತು ಸಿನಾಯ್ ಪ್ರತಿಗಳಲ್ಲಿ ಮಾರ್ಕನ ಶುಭಸಂದೇಶ 16ನೇ ಅಧ್ಯಾಯದ 8ನೇ ವಚನಕ್ಕೇ ನಿಲ್ಲುತ್ತದೆ. ಸಮಾಧಿಗೆ ಹೋದ ಹೆಂಗಸರು ಭಯದಿಂದ ಓಡಿಹೋಗಿ ಯಾರಿಗೂ ಏನೂ ಹೇಳದೆ ಉಳಿದರು ಎಂಬಲ್ಲಿಗೆ ಮುಗಿಯುತ್ತದೆ. ಮುಂದಿನ ವಚನಗಳ ಶೈಲಿಯೂ ಪದಗಳೂ ಬೇರೆ. ಮಾರ್ಕನಲ್ಲದ ಕೈಯೊಂದು ಅವನ್ನು ಬಹು ಹಿಂದೆಯೇ ಸೇರಿಸಿತು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ವ್ಯಭಿಚಾರದ ಆಪಾದನೆ ಹೊತ್ತ ಹೆಂಗಸನ್ನು ಯೇಸುಸ್ವಾಮಿ ಕ್ಷಮಿಸಿದ ಪ್ರಸಂಗವೂ ಯೊವಾನ್ನನ ಶುಭಸಂದೇಶದ ಅತಿ ಹಳೆಯ ಪ್ರತಿಗಳಲ್ಲಿಲ್ಲ. ಆದರೂ ಧರ್ಮಸಭೆ ಇವೆರಡನ್ನೂ ದೇವವಾಕ್ಯವೆಂದು ಸ್ವೀಕರಿಸಿದೆ. ಆ ಹೆಂಗಸಿನ ಪ್ರಸಂಗವನ್ನು ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ 5ನೇ ಭಾನುವಾರ ನಾವು ಓದುತ್ತೇವೆ. ಯಾರ ಕೈ ಬರೆಯಿತು ಎಂಬುದು ಒಂದು ಪ್ರಶ್ನೆ. ಧರ್ಮಸಭೆ ಅದರಲ್ಲಿ ಯಾರ ದನಿಯನ್ನು ಕೇಳಿತು ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಕಲಸಿಬಿಟ್ಟರೆ ತೊಂದರೆ.

ಇಷ್ಟು ಹೇಳಲು ಐದು ನಿಮಿಷ ಸಾಕಿತ್ತು. ಹಾಗಾದರೆ ನಾವು ಏಕೆ ಹೇಳುವುದಿಲ್ಲ?

"ನಮ್ಮ ಅಜ್ಜಿಯ ವಿಶ್ವಾಸವನ್ನು ಯಾಕೆ ಕಲಕಬೇಕು ಸ್ವಾಮಿ?" ಎಂದು ಒಬ್ಬ ಹಿರಿಯ ಉಪದೇಶಿ ನನ್ನನ್ನು ಕೇಳಿದರು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಜಪಸರ ಹಿಡಿದು ಮಕ್ಕಳನ್ನು ಸಾಕಿದ, ಗಂಡನನ್ನು ಮಣ್ಣು ಮಾಡಿಯೂ ದೇವರನ್ನು ಬಿಡದ ಅಜ್ಜಿಯರು ಯಳಂದೂರಿನಲ್ಲೂ ಇದ್ದಾರೆ, ಮಾರ್ಟಳ್ಳಿಯಲ್ಲೂ ಇದ್ದಾರೆ. ಅವರಿಗೆ ಹಸ್ತಪ್ರತಿಗಳ ಪಾಠ ಬೇಕಿಲ್ಲ. ಎಳೆಯ ಮಗುವಿಗೆ ಹಾಲು, ಬೆಳೆದವರಿಗೆ ಗಟ್ಟಿ ಆಹಾರ ಎಂಬ ವಿವೇಕವನ್ನು ಸಂತ ಪೌಲನೇ ಕಲಿಸಿದ್ದಾನೆ. ಆದರೆ ಇಪ್ಪತ್ತು ವರ್ಷದ ಮಗನಿಗೂ ಹಾಲೇ ಸಾಕೆಂದು ಹಟ ಹಿಡಿದರೆ, ಅವನು ಊಟಕ್ಕೆ ಬೇರೆ ಮನೆ ಹುಡುಕುತ್ತಾನೆ. ಅಜ್ಜಿಯ ವಿಶ್ವಾಸವನ್ನು ಕಾಯುವ ಹೆಸರಿನಲ್ಲಿ ಮೊಮ್ಮಗನನ್ನು ಕಳೆದುಕೊಳ್ಳುತ್ತಿದ್ದೇವೆ. ಇನ್ನೂ ನಿಜ ಹೇಳಬೇಕೆಂದರೆ, ನಾವು ಕಾಯುತ್ತಿರುವುದು ಅನೇಕ ಸಲ ಅಜ್ಜಿಯನ್ನಲ್ಲ, ನಮ್ಮ ನೆಮ್ಮದಿಯನ್ನು.

ಪಂಡಿತರು ಪವಿತ್ರ ಗ್ರಂಥವನ್ನು ಪರಿಶೀಲಿಸುತ್ತಾರೆ ಎಂದರೆ ಅದು ಯಾವುದೋ ಮಾಟವಲ್ಲ. ನಮ್ಮ ಊರಿನ ಉದಾಹರಣೆಯನ್ನೇ ನೋಡಿ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಸೇರಿತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಈಗ ಯಾರಾದರೂ 1940ರ ಕ್ರಯಪತ್ರವೆಂದು ಒಂದು ಕಾಗದ ತಂದು, ಅದರಲ್ಲಿ "ಚಾಮರಾಜನಗರ ಜಿಲ್ಲೆ" ಎಂದು ಬರೆದಿದ್ದರೆ ನೀವು ಏನನ್ನುತ್ತೀರಿ? ಈ ಕಾಗದ 1997ರ ನಂತರ ಬರೆದದ್ದು, ಅಥವಾ ನಂತರ ನಕಲು ಮಾಡಿದವರು ಹೊಸ ಹೆಸರು ಹಾಕಿದ್ದಾರೆ ಎನ್ನುತ್ತೀರಿ. ಜಮೀನೇ ಇಲ್ಲ ಎನ್ನುವುದಿಲ್ಲ. ಆದಿಕಾಂಡದ 36ನೇ ಅಧ್ಯಾಯದಲ್ಲಿ, ಇಸ್ರಯೇಲಿನಲ್ಲಿ ಅರಸರು ಆಳುವುದಕ್ಕೆ ಮೊದಲು ಎದೋಮಿನಲ್ಲಿ ಆಳಿದ ಅರಸರ ಪಟ್ಟಿ ಬರುತ್ತದೆ. ಇಸ್ರಯೇಲಿಗೆ ಅರಸರು ಬಂದದ್ದು ಮೋಶೆಯ ಕಾಲವಾದ ಎಷ್ಟೋ ಕಾಲಕ್ಕೆ. ಆ ಮಾತನ್ನು ಬರೆದವನು ಅರಸರ ಕಾಲವನ್ನು ಕಂಡವನು ಅಥವಾ ಅದರ ನಂತರದವನು ಎಂದು ವಿದ್ವಾಂಸರು ಹೇಳಿದರೆ, ಅವರು ಮಾಡಿದ್ದು ನೀವು ಕ್ರಯಪತ್ರ ನೋಡಿ ಮಾಡಿದ ಕೆಲಸವನ್ನೇ.

ಇನ್ನೊಂದು ಉದಾಹರಣೆ. ಮಲೆ ಮಹದೇಶ್ವರ ಬೆಟ್ಟದ ಸುತ್ತ ಕಂಸಾಳೆಯವರು ಮಾದಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಸಂಕಮ್ಮನ ಸಾಲನ್ನು ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡುವುದಿಲ್ಲ. ಒಬ್ಬರು ಹಿಗ್ಗಿಸುತ್ತಾರೆ, ಒಬ್ಬರು ಕುಗ್ಗಿಸುತ್ತಾರೆ. ಕಥೆಯ ಬೆನ್ನೆಲುಬು ಉಳಿಯುತ್ತದೆ. ಪಿ.ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್ ಮೊದಲಾದ ವಿದ್ವಾಂಸರು ಹಾಡುಗಾರರ ಬಾಯಿಂದ ಕೇಳಿ ಅದನ್ನು ಪುಸ್ತಕಕ್ಕೆ ಇಳಿಸಿದರು. ಬಾಯಿಂದ ಬಾಯಿಗೆ ಬಂದದ್ದು ಬರಹವಾಗುವಾಗ ಏನೇನು ಆಗುತ್ತದೆ ಎಂಬುದು ನಮ್ಮ ಸೀಮೆಯವರಿಗೆ ಹೊಸದಲ್ಲ. ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ, ಬಲ್ಲೆ. ಶುಭಸಂದೇಶಗಳು ಪ್ರಭು ಯೇಸುವಿನ ಮರಣದ ನಂತರ ಸುಮಾರು ನಲವತ್ತರಿಂದ ಎಪ್ಪತ್ತು ವರ್ಷಗಳೊಳಗೆ ಬರಹವಾದವು ಎಂಬುದು ಹೆಚ್ಚಿನವರ ಎಣಿಕೆ. ನೋಡಿದವರ, ಕೇಳಿದವರ ನೆನಪು ಇನ್ನೂ ಹಸಿಯಾಗಿತ್ತು. ಆದರೂ ಮೊದಲು ಪ್ರಭು ಕಲಿಸಿದ್ದು, ಆಮೇಲೆ ಪ್ರೇಷಿತರು ಸಾರಿದ್ದು, ಕೊನೆಗೆ ಶುಭಸಂದೇಶಕಾರರು ಆಯ್ದು ಜೋಡಿಸಿ ಬರೆದದ್ದು ಎಂಬ ಮೂರು ಮೆಟ್ಟಿಲುಗಳಿವೆ. ಇದು ಧರ್ಮಸಭೆಯ ವೈರಿಗಳು ಹೇಳಿದ್ದಲ್ಲ. 1964ರಲ್ಲಿ ರೋಮಿನ ಬೈಬಲ್ ಆಯೋಗವೇ ಹೇಳಿದ್ದು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ದೈವಪ್ರಕಟನೆಯ ಕುರಿತ ತನ್ನ ಶಾಸನದಲ್ಲಿ ಒಪ್ಪಿದ್ದು. ಅದಕ್ಕೂ ಮೊದಲು ಸಂತ ಲೂಕನೇ ತನ್ನ ಮೊದಲ ನಾಲ್ಕು ವಚನಗಳಲ್ಲಿ, ತನಗಿಂತ ಮುಂಚೆ ಅನೇಕರು ಬರೆದಿದ್ದಾರೆ, ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು ತಿಳಿಸುತ್ತಾನೆ. ವಿಚಾರಿಸಿ ಬರೆದವನ ಪುಸ್ತಕವನ್ನು ವಿಚಾರಿಸದೆ ಓದಬೇಕೆಂದರೆ ಹೇಗೆ?

ಧರ್ಮಸಭೆ ಈ ದಾರಿಯನ್ನು ಸುಲಭವಾಗಿ ಹಿಡಿಯಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಲಗ್ರಾಂಜ್ ಎಂಬ ಡೊಮಿನಿಕನ್ ಗುರುಗಳು 1890ರಲ್ಲಿ ಜೆರುಸಲೇಮಿನಲ್ಲಿ ಬೈಬಲ್ ಅಧ್ಯಯನದ ಶಾಲೆಯೊಂದನ್ನು ತೆರೆದರು. ಇತಿಹಾಸದ ಬೆಳಕಿನಲ್ಲಿ ಶ್ರದ್ಧೆಯಿಂದ ಓದಬಹುದು ಎಂಬುದು ಅವರ ನಂಬಿಕೆ. 1912ರಲ್ಲಿ ಅವರ ಕೆಲವು ಪುಸ್ತಕಗಳನ್ನು ಗುರುಮಠಗಳಿಂದ ದೂರವಿಡುವಂತೆ ರೋಮಿನಿಂದ ಅಪ್ಪಣೆಯಾಯಿತು. ಅವರು ವಿಧೇಯರಾದರು. ಧರ್ಮಸಭೆಯನ್ನು ಬಿಡಲಿಲ್ಲ, ಅಧ್ಯಯನವನ್ನೂ ಬಿಡಲಿಲ್ಲ. 1938ರಲ್ಲಿ ತೀರಿಕೊಂಡರು. ಐದು ವರ್ಷಗಳ ಬಳಿಕ, 1943ರಲ್ಲಿ, ಹನ್ನೆರಡನೆಯ ಭಕ್ತಿನಾಥ ಪೋಪರು ತಮ್ಮ ವಿಶ್ವಪತ್ರದಲ್ಲಿ ಮೂಲಭಾಷೆಗಳನ್ನೂ ಆ ಕಾಲದ ಬರವಣಿಗೆಯ ರೀತಿಗಳನ್ನೂ ಅಭ್ಯಸಿಸುವಂತೆ ವಿದ್ವಾಂಸರನ್ನು ಹುರಿದುಂಬಿಸಿದರು. 1993ರಲ್ಲಿ ಬೈಬಲ್ ಆಯೋಗವು, ಇತಿಹಾಸವನ್ನು ಲೆಕ್ಕಿಸದೆ ಅಕ್ಷರಕ್ಕೆ ಜೋತುಬೀಳುವ ಓದು ಅಪಾಯಕಾರಿ ಎಂದೇ ಎಚ್ಚರಿಸಿತು. ಭಯದಿಂದ ಮುಚ್ಚಿದ ಬಾಗಿಲನ್ನು ಧರ್ಮಸಭೆ ತಾನೇ ತೆರೆದಿರುವಾಗ, ನಮ್ಮ ಹಳ್ಳಿಯ ದೇವಾಲಯದಲ್ಲಿ ನಾನು ಅದನ್ನು ಮತ್ತೆ ಮುಚ್ಚಿದ್ದೆ.

ಹಾಗಾದರೆ ಪಂಡಿತರು ಎಂದು ಹೇಳಿಕೊಂಡವರು ಹೇಳಿದ್ದನ್ನೆಲ್ಲ ನಂಬಬೇಕೆ? ಖಂಡಿತ ಬೇಡ. ಇಲ್ಲೇ ನಾನು ಮುಖ್ಯ ಮಾತಿಗೆ ಬರುತ್ತೇನೆ. ತೆರೆದ ಮನಸ್ಸೆಂದರೆ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದಲ್ಲ. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ನೀವು ಹೋಗಿದ್ದೀರಿ. ನಿಮ್ಮ ಗೂಡಿಗೆ ಒಂದು ತಕ್ಕಡಿ, ಪಕ್ಕದವನ ಗೂಡಿಗೆ ಇನ್ನೊಂದು ತಕ್ಕಡಿ ಇಟ್ಟರೆ ಒಪ್ಪುತ್ತೀರಾ? ನಮಗೆ ಬೇಕಾದ ಮಾತಿಗೂ ಬೇಡವಾದ ಮಾತಿಗೂ ಒಂದೇ ತಕ್ಕಡಿ ಹಿಡಿಯುವುದೇ ತೆರೆದ ಮನಸ್ಸು.

2012ರಲ್ಲಿ ಪಪೈರಸ್ಸಿನ ಚೂರೊಂದು ಲೋಕದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅದರಲ್ಲಿ ಯೇಸು "ನನ್ನ ಹೆಂಡತಿ" ಎಂದು ಹೇಳಿದಂತೆ ಬರೆದಿತ್ತು. ಧರ್ಮಸಭೆ ಎಲ್ಲವನ್ನೂ ಬಚ್ಚಿಟ್ಟಿದೆ ಎಂದು ಹಲವರು ಕುಣಿದರು. ಬೇರೆ ವಿದ್ವಾಂಸರು ಅಕ್ಷರ ಅಕ್ಷರ ಪರಿಶೀಲಿಸಿದರು. ಪತ್ರಕರ್ತರೊಬ್ಬರು ಆ ಚೂರು ಯಾರ ಕೈಯಿಂದ ಬಂತೆಂದು ಬೆನ್ನು ಹತ್ತಿದರು. 2016ರಲ್ಲಿ, ಅದನ್ನು ಪ್ರಕಟಿಸಿದ ಹಾರ್ವರ್ಡಿನ ಪ್ರಾಧ್ಯಾಪಕಿಯೇ ಅದು ಬಹುಶಃ ನಕಲಿ ಎಂದು ಒಪ್ಪಿಕೊಂಡರು.

ಅದೇ 2012ರಲ್ಲಿ ನಮ್ಮ ಕಡೆಯಿಂದಲೂ ಒಂದು ಸುದ್ದಿ ಎದ್ದಿತು. ಮಾರ್ಕನ ಶುಭಸಂದೇಶದ ಒಂದನೇ ಶತಮಾನದ ಚೂರು ಸಿಕ್ಕಿದೆ ಎಂದು ಅಮೆರಿಕದ ವಿಶ್ವಾಸಿ ವಿದ್ವಾಂಸರೊಬ್ಬರು ವಾದದ ವೇದಿಕೆಯಲ್ಲಿ ಘೋಷಿಸಿದರು. ಎಷ್ಟೋ ಕ್ರೈಸ್ತರು ಹಿಗ್ಗಿದರು. 2018ರಲ್ಲಿ ಆ ಚೂರು ಕ್ರಮವಾಗಿ ಪ್ರಕಟವಾದಾಗ, ಅದು ಎರಡನೇ ಶತಮಾನದ ಕೊನೆ ಅಥವಾ ಮೂರನೇ ಶತಮಾನದ ಮೊದಲ ಭಾಗದ್ದೆಂದು ತಿಳಿಯಿತು. ಈಗ ನಿಮ್ಮ ಮನಸ್ಸನ್ನೇ ಕೇಳಿಕೊಳ್ಳಿ. ಮೊದಲನೆಯದು ನಕಲಿ ಎಂದಾಗ ಆದ ಸಂತೋಷ, ಎರಡನೆಯದು ತಪ್ಪು ಎಂದಾಗ ಆಯಿತೆ? ನನಗೆ ಆಗಲಿಲ್ಲ. ಆದರೆ ಎರಡನ್ನೂ ತೂಗಿದ್ದು ಒಂದೇ ತಕ್ಕಡಿ. ಒಂದನ್ನು ಮೆಚ್ಚಿ ಇನ್ನೊಂದನ್ನು ದೂರುವಂತಿಲ್ಲ.

ಈ ತಕ್ಕಡಿಯನ್ನು ನಮ್ಮದೇ ಮೈಸೂರು ಸೀಮೆಯ ಧರ್ಮಪ್ರಚಾರದ ಚರಿತ್ರೆಯ ಮೇಲೂ ಇಟ್ಟದ್ದಾಗಿದೆ. 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಯ ಕ್ರೈಸ್ತರ ನಡುವೆ ದುಡಿದವರು ಫ್ರೆಂಚ್ ಗುರು ದ್ಯುಬುವಾ. ಸಿಡುಬಿಗೆ ಲಸಿಕೆ ಹಾಕಿಸಲು ಶ್ರಮಿಸಿದವರು. ಭಾರತೀಯರ ಆಚಾರವಿಚಾರಗಳ ಬಗ್ಗೆ ಅವರ ಹೆಸರಿನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. 1987ರಲ್ಲಿ ಸಿಲ್ವಿಯಾ ಮ್ಯುರ್ ಎಂಬ ಫ್ರೆಂಚ್ ವಿದುಷಿ, ಆ ಪುಸ್ತಕದ ಬಹಳಷ್ಟು ಭಾಗ ಅವರಿಗಿಂತ ಹಿಂದಿನ ಜೆಸ್ವಿತ್ ಗುರು ಕೂರ್ದೂ ಅವರ ಬರಹದಿಂದ ಬಂದದ್ದೆಂದು ಹಸ್ತಪ್ರತಿಗಳನ್ನು ಹೋಲಿಸಿ ತೋರಿಸಿದರು. ಕೂರ್ದೂ ದುಡಿದದ್ದು ತೆಲುಗು ನಾಡಿನಲ್ಲಿ ಮತ್ತು ಪಾಂಡಿಚೇರಿಯಲ್ಲಿ. ಹಾಗಾಗಿ ಆ ಪುಸ್ತಕದಲ್ಲಿರುವುದೆಲ್ಲ ಗುರು ದ್ಯುಬುವಾ ನಮ್ಮ ಸೀಮೆಯಲ್ಲಿ ಕಣ್ಣಾರೆ ಕಂಡದ್ದೆಂದು ಓದುವಂತಿಲ್ಲ. ಇದನ್ನು ಮೊದಲು ಓದಿದಾಗ ನನಗೆ ಬೇಸರವಾಯಿತು. ಆಮೇಲೆ ಅನ್ನಿಸಿತು: ಲಸಿಕೆ ಹಾಕಿಸಿಕೊಂಡು ಉಳಿದ ಮಕ್ಕಳು ಉಳಿದೇ ಇದ್ದರು. ಹೆಸರೇ ಇಲ್ಲದೆ ಮರೆಯಾಗಿದ್ದ ಇನ್ನೊಬ್ಬ ಗುರುವಿನ ದುಡಿಮೆ ಬೆಳಕಿಗೆ ಬಂತು. ಸತ್ಯ ಒಂದನ್ನು ಕಿತ್ತುಕೊಂಡು ಇನ್ನೊಂದನ್ನು ಕೊಟ್ಟಿತು.

ಶುಭಸಂದೇಶದ ವಿಷಯದಲ್ಲೂ ಹಾಗೆಯೇ. ವಿದ್ವತ್ತು ಬರೀ ಕಿತ್ತುಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವನ್ನು ಸಂತ ಪೌಲನೇ 50ರ ದಶಕದಲ್ಲಿ ಬರೆದನೆಂದು ವಿಶ್ವಾಸವಿಲ್ಲದ ಪಂಡಿತರೂ ಒಪ್ಪುತ್ತಾರೆ. ಅದರ 15ನೇ ಅಧ್ಯಾಯದಲ್ಲಿ ಕ್ರಿಸ್ತನ ಮರಣ, ಭೂಸ್ಥಾಪನೆ, ಪುನರುತ್ಥಾನ ಮತ್ತು ದರ್ಶನಗಳ ಸಾಕ್ಷ್ಯವನ್ನು ತಾನು ಇತರರಿಂದ ಪಡೆದು ದಾಟಿಸುತ್ತಿದ್ದೇನೆ ಎನ್ನುತ್ತಾನೆ. ಗಲಾತ್ಯರಿಗೆ ಬರೆದ ಪತ್ರದಲ್ಲಿ, ತಾನು ಜೆರುಸಲೇಮಿಗೆ ಹೋಗಿ ಪೇತ್ರನ ಬಳಿ ಹದಿನೈದು ದಿನ ಇದ್ದುದನ್ನೂ ಯಕೋಬನನ್ನು ಕಂಡದ್ದನ್ನೂ ಹೇಳುತ್ತಾನೆ. ಅಂದರೆ ನಮ್ಮ ವಿಶ್ವಾಸದ ತಿರುಳು ಶತಮಾನಗಳಾದ ಮೇಲೆ ಹೊಸೆದ ಕಥೆಯಲ್ಲ. ಶಿಲುಬೆಯ ನಂತರದ ಮೊದಲ ವರ್ಷಗಳಿಗೇ ಅದರ ಬೇರು ಹೋಗುತ್ತದೆ. ಇದನ್ನು ತಿಳಿಸಿಕೊಟ್ಟದ್ದೂ ಅದೇ ತಕ್ಕಡಿ.

ಆದರೆ ತಕ್ಕಡಿಗೆ ಒಂದು ಮಿತಿ ಇದೆ. ಅದು ಗೂಡನ್ನು ತೂಗುತ್ತದೆ. ಆ ಗೂಡಿಗಾಗಿ ತಾಯಿ ನಿದ್ದೆಗೆಟ್ಟ ರಾತ್ರಿಗಳನ್ನು ತೂಗುವುದಿಲ್ಲ. ಶಿಷ್ಯರು ಏನನ್ನು ಸಾರಿದರು, ಎಷ್ಟು ಬೇಗ ಸಾರಿದರು ಎಂದು ಇತಿಹಾಸ ಹೇಳಬಲ್ಲದು. ಎದ್ದುಬಂದ ಪ್ರಭು ಇಂದು ನನ್ನನ್ನು ಕರೆಯುತ್ತಿದ್ದಾನೆಯೇ ಎಂಬುದಕ್ಕೆ ನಾನೇ ಉತ್ತರಿಸಬೇಕು. ಆ ಉತ್ತರವನ್ನು ಯಾವ ಪಂಡಿತನೂ ನನ್ನ ಬದಲಿಗೆ ಕೊಡಲಾರ, ಯಾವ ಪಂಡಿತನೂ ಕಿತ್ತುಕೊಳ್ಳಲಾರ.

ಹನ್ನೆರಡನೆಯ ವಾರ ನಾನು ಆ ಹುಡುಗನ ಮನೆಗೆ ಹೋದೆ. "ಫೋನು ನೋಡಿ ನೋಡಿ ಕೆಟ್ಟೋದ ಸ್ವಾಮಿ, ಬುದ್ಧಿ ಹೇಳಿ" ಎಂದರು ತಾಯಿ. "ಬುದ್ಧಿ ಹೇಳೋಕೆ ಬಂದಿಲ್ಲಮ್ಮ, ತಪ್ಪಾಯ್ತು ಅನ್ನೋಕೆ ಬಂದೆ" ಎಂದೆ. ಜಗಲಿಯ ಮೇಲೆ ಕುಳಿತು, ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಅವನು ಕೇಳಿದ ಎರಡು ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ; ಓದಿ ಹೇಳುತ್ತೇನೆ ಎಂದೆ. ಹೊರಡುವಾಗ ಅವನು ಒಂದು ಮಾತು ಕೇಳಿದ: "ಆ ಹೆಂಗಸರು ಹೆದರಿ ಯಾರಿಗೂ ಹೇಳ್ಲಿಲ್ಲ ಅಂತ ಮಾರ್ಕ ಮುಗಿಸಿದ್ರೆ, ಮತ್ತೆ ನಮಗೆ ಹೇಳಿದ್ದು ಯಾರು ಸ್ವಾಮಿ?" ನಾನು ಅವನ ಮುಖವನ್ನೇ ನೋಡಿದೆ. ಭಯ ಕೊನೆಯ ಮಾತಾಗಲಿಲ್ಲ, ಯಾರೋ ಬಾಯಿ ತೆರೆದರು ಎಂಬುದಕ್ಕೆ ನಾವಿಬ್ಬರೂ ಆ ಜಗಲಿಯ ಮೇಲೆ ಕುಳಿತಿದ್ದುದೇ ಸಾಕ್ಷಿ.

ಈಗ ಅವನು ಬರುತ್ತಾನೆ. ಪ್ರತಿ ಭಾನುವಾರವಲ್ಲ. ಹಿಂದಿನ ಬಾಗಿಲ ಹತ್ತಿರ ನಿಲ್ಲುತ್ತಾನೆ. ವಾಚನ ಓದಲು ಇನ್ನೂ ಒಪ್ಪಿಲ್ಲ. ನಾನು ಒತ್ತಾಯಿಸಿಲ್ಲ.

ತಂದೆತಾಯಂದಿರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಮಗ ಪ್ರಶ್ನೆ ತಂದರೆ ಅವನು ವಿಶ್ವಾಸ ಬಿಟ್ಟನೆಂದು ಅಳಬೇಡಿ. ಬಿಟ್ಟವನು ಪ್ರಶ್ನೆ ಕೇಳಲು ಬರುವುದಿಲ್ಲ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಕೇಳೋಣ" ಎನ್ನಿ. ಅದು ನಾಚಿಕೆಯ ಮಾತಲ್ಲ. ಫೋನಿನಲ್ಲಿ ಬಂದದ್ದು ನಮ್ಮ ವಿರುದ್ಧವಾಗಿರಲಿ, ನಮ್ಮ ಪರವಾಗಿರಲಿ, "ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು?" ಎಂಬ ಒಂದೇ ಪ್ರಶ್ನೆಯನ್ನು ಎರಡಕ್ಕೂ ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಈ ವಾರ ಸಂಜೆಯ ಪ್ರಾರ್ಥನೆಯಲ್ಲಿ ಮಾರ್ಕನ ಕೊನೆಯ ಅಧ್ಯಾಯವನ್ನು 8ನೇ ವಚನದವರೆಗೆ ಓದಿ, ಅಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಮೌನವಾಗಿರಿ. ಆಮೇಲೆ ಮನೆಯ ಕಿರಿಯರನ್ನು ಏನನ್ನಿಸಿತೆಂದು ಕೇಳಿ.

ನಿಮ್ಮ ಧರ್ಮಕೇಂದ್ರದ ಗುರುಗಳು ಅವಸರದಲ್ಲಿ ಬೈಕ್ ಹತ್ತುತ್ತಿದ್ದರೆ, ಕೈ ಹಿಡಿದು ನಿಲ್ಲಿಸಿ ಕೇಳಿ. ನಿಲ್ಲುವುದು ನಮ್ಮ ಕರ್ತವ್ಯ.